ಬಾಲಸಖಿ ಹೋದ ಮೇಲಿನ ಅಧ್ಯಾಯ

ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಬಡವರ ಬದುಕಿನ ಬಗ್ಗೆ ಬರೆದ ಪುಸ್ತಕ ‘ಪೂರ್ ಎಕನಾಮಿಕ್ಸ್’ 2011ರಲ್ಲಿ ಬಂತು. ಅದರ ಎರಡನೆಯ ಭಾಗಕ್ಕೆ ಕಾಯುತ್ತಿರುವವರಲ್ಲಿ ನಾನೂ ಒಬ್ಬಳು. 2019ರಲ್ಲಿ ನೊಬೆಲ್ ಬಂದ ಬೆನ್ನಲ್ಲೇ ಅವರ ಇನ್ನೊಂದು ಪುಸ್ತಕ ಹೊರಬಂತು, ನಿಜ. ಆದರೆ ಅದು ಹೆಚ್ಚಾಗಿ ವಲಸೆ, ವ್ಯಾಪಾರ, ತೆರಿಗೆಗಳನ್ನು ಕುರಿತದ್ದು. ನನಗೆ ಬೇಕಿರುವುದು ಮೊದಲ ಪುಸ್ತಕದ ಶಾಲೆಯ ಕತೆ ಮುಂದೇನಾಯಿತು ಎಂಬುದು.

ಆ ಕತೆ ನಮ್ಮ ಮುಂಬಯಿಯದೇ. ಮಕ್ಕಳ ಶಿಕ್ಷಣಕ್ಕಾಗಿ ಕೆಲಸ ಮಾಡುವ ‘ಪ್ರಥಮ್’ ಎಂಬ ಸ್ವಯಂಸೇವಾ ಸಂಸ್ಥೆ ಇಲ್ಲಿನ ಮತ್ತು ವಡೋದರದ ಪಾಲಿಕೆ ಶಾಲೆಗಳಿಗೆ ಬಾಲಸಖಿಯರನ್ನು ಕಳಿಸಿತು. ಅದೇ ವಠಾರಗಳ, ಹೈಸ್ಕೂಲು ಮುಗಿಸಿದ ಹುಡುಗಿಯರು ಅವರು. ಮೂರು, ನಾಲ್ಕನೇ ಕ್ಲಾಸಿನಲ್ಲಿ ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ತಾಸು ಬೇರೆ ಕೂರಿಸಿಕೊಂಡು ಬುಡದಿಂದ ಕಲಿಸಿದರು. ಎರಡನೇ ವರ್ಷದ ಹೊತ್ತಿಗೆ ಆ ಶಾಲೆಗಳ ಸರಾಸರಿ ಅಂಕ 0.28 ಮಾನಕ ವಿಚಲನದಷ್ಟು (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ ಇದು) ಏರಿತ್ತು. ಗಳಿಕೆಯ ಬಹುಪಾಲು ತೀರಾ ಹಿಂದಿದ್ದ ಮಕ್ಕಳದ್ದು. ಕಾರ್ಯಕ್ರಮ ನಿಂತು ಒಂದು ವರ್ಷವಾಗುವಷ್ಟರಲ್ಲಿ ಆ ಮಕ್ಕಳಲ್ಲಿ ಉಳಿದದ್ದು ಸುಮಾರು 0.10.

ಭಾಷಣಗಳಲ್ಲಿ ಮೊದಲ ಅಂಕಿಯೇ ಕೇಳಿಬರುತ್ತದೆ. ಇಲ್ಲಿನ ಕನ್ನಡ ಮಾಧ್ಯಮದ ಶಿಕ್ಷಕರಿಗೆ ತರಬೇತಿ ಕೊಡುವ ನನ್ನ ನಿದ್ದೆಗೆಡಿಸಿರುವುದು ಎರಡನೆಯದು. ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗಳು ‘ಕಮಲ’, ‘ಬಸವ’ ಸರಾಗವಾಗಿ ಓದುತ್ತಾಳೆ. ‘ರಾಷ್ಟ್ರ’ ಬಂದೊಡನೆ ಬೆರಳು ಒತ್ತಕ್ಷರದ ಮೇಲೆ ನಿಂತುಬಿಡುತ್ತದೆ. ದಡ್ಡಿಯಲ್ಲ, ಗಲ್ಲಿಯಲ್ಲಿ ಮರಾಠಿ, ಹಿಂದಿ ಎರಡನ್ನೂ ನೀರು ಕುಡಿದಂತೆ ಆಡುತ್ತಾಳೆ. ಪಕ್ಕದಲ್ಲಿ ಕೂರಿಸಿಕೊಂಡು ಒತ್ತುಗಳನ್ನು ಬಿಡಿಸಿ ಹೇಳಿದರೆ ಕಲಿಯುತ್ತಾಳೆ. ಆದರೆ ಅವಳು ಮರಳಿ ಹೋಗುವ ಕ್ಲಾಸು ಅಷ್ಟರಲ್ಲಿ ಮುಂದೆ ಓಡಿರುತ್ತದೆ. ಪೋರ್ಷನ್ ಮುಗಿಸಬೇಕಾದ ಟೀಚರ್ ಅವಳಿಗಾಗಿ ನಿಲ್ಲುವಂತಿಲ್ಲ. ಒಂದು ಪದ ಓದಲು ಬಂದವಳ ಕೈಗೆ ಒಂದು ಸಣ್ಣ ಕತೆ ಕೊಡುವವರಿಲ್ಲ. ಕಲಿತದ್ದು ಜಾರುವುದು ಅಲ್ಲಿ. ಪಠ್ಯಕ್ರಮ ಮುಂದಿನ ಬೆಂಚಿನ ಮಕ್ಕಳಿಗಾಗಿಯೇ ಇದೆ ಎಂದು ಆ ಪುಸ್ತಕ ಹೇಳಿದ್ದು ನೂರಕ್ಕೆ ನೂರು ಸರಿ.

ಮುಂದೆ ಹರಿಯಾಣದಲ್ಲಿ ಸರ್ಕಾರಿ ಶಿಕ್ಷಕರೇ ದಿನಕ್ಕೊಂದು ತಾಸು, ತರಗತಿಯ ಗಡಿ ಮರೆತು, ಮಕ್ಕಳನ್ನು ಅವರವರ ಮಟ್ಟಕ್ಕೆ ತಕ್ಕಂತೆ ಕೂರಿಸಿ ಕಲಿಸಿದರು. ಫಲ ಸಿಕ್ಕಿತು. ಹೊಸ ಪುಸ್ತಕ ಶುರುವಾಗಬೇಕಾದದ್ದು ಅಲ್ಲಿಂದ. ಜೊತೆಗೆ, ಬಾಲಸಖಿಯರ ಬಳಿ ಕಲಿತ ಆ ಮಕ್ಕಳಿಗೆ ಈಗ ಮೂವತ್ತರ ಆಸುಪಾಸು. ಎಷ್ಟು ಮಂದಿ ಹತ್ತನೇ ಕ್ಲಾಸು ದಾಟಿದರು, ಯಾವ ಕೆಲಸ ಹಿಡಿದರು, ತಮ್ಮ ಮಕ್ಕಳಿಗೆ ರಾತ್ರಿ ಓದಿ ಹೇಳುತ್ತಾರೆಯೇ? ಅವರನ್ನು ಹುಡುಕಿ ಮಾತಾಡಿಸಿ ಬರೆದ ಒಂದು ಅಧ್ಯಾಯ ಇದ್ದರೂ ಸಾಕು, ಪುಸ್ತಕ ಅಂಗಡಿಗೆ ಬಂದ ದಿನವೇ ಕೊಂಡು ನಮ್ಮ ಶಿಕ್ಷಕರ ಮುಂದೆ ಓದುತ್ತೇನೆ.