ಅಲ್ಯುಮಿನಾ ಕೊಳವೆಯ ಬದಲು ಅಗ್ಗದ್ದನ್ನು ಹಾಕಬಹುದೇ?

ಪ್ರಶ್ನೆ: ನಮ್ಮದು ಉಕ್ಕಿನ ಬಿಡಿಭಾಗಗಳಿಗೆ ಹೀಟ್ ಟ್ರೀಟ್‌ಮೆಂಟ್ ಮಾಡುವ ಸಣ್ಣ ಘಟಕ. ವಿದ್ಯುತ್ ಕುಲುಮೆಯ ತಾಪ 950 ಡಿಗ್ರಿ ಸೆಲ್ಸಿಯಸ್ ಮೀರುವುದಿಲ್ಲ. ತಾಪ ಅಳೆಯುವ ಥರ್ಮೋಕಪಲ್‌ನ ಹೊರಗವಚವಾಗಿ ಹಾಕುವ ಶುದ್ಧ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್ ಪಿಂಗಾಣಿ) ಕೊಳವೆ ಪದೇ ಪದೇ ಬಿರುಕು ಬಿಡುತ್ತಿದೆ, ಬೆಲೆಯೂ ಹೆಚ್ಚು. ಅಗ್ಗದ ವಸ್ತು ನಡೆಯುತ್ತದೆಯೇ?

ಉತ್ತರ: ಖಂಡಿತ ನಡೆಯುತ್ತದೆ. ಅಷ್ಟೇ ಅಲ್ಲ, ನಿಮ್ಮ ಕುಲುಮೆಯಲ್ಲಿ ಅದು ದುಬಾರಿ ಕೊಳವೆಗಿಂತ ಹೆಚ್ಚು ಕಾಲ ಬಾಳುವ ಸಾಧ್ಯತೆ ಇದೆ.

ಅಲ್ಯುಮಿನಾ ಕರಗುವುದು 2050 ಡಿಗ್ರಿಯ ಆಸುಪಾಸಿನಲ್ಲಿ. ಆದ್ದರಿಂದ 950 ಡಿಗ್ರಿಯ ಶಾಖ ನಿಮ್ಮ ಕೊಳವೆಯನ್ನು ಒಡೆಯುತ್ತಿಲ್ಲ. ಶಾಖ ಏರಿಳಿಯುವ ವೇಗ ಒಡೆಯುತ್ತಿದೆ. ಒಂದು ಮೀಟರ್ ಉದ್ದದ ಅಲ್ಯುಮಿನಾ ಕೊಳವೆಯನ್ನು ಸಾವಿರ ಡಿಗ್ರಿಯಷ್ಟು ಕಾಯಿಸಿದರೆ ಅದು ಸುಮಾರು 8 ಮಿಲಿಮೀಟರ್ ಹಿಗ್ಗುತ್ತದೆ. ಇನ್ನೆರಡು ಪಿಂಗಾಣಿ ವಸ್ತುಗಳನ್ನು ನೋಡಿ: ಅಷ್ಟೇ ಉದ್ದದ ಮುಲ್ಲೈಟ್ ಸುಮಾರು 5 ಮಿಲಿಮೀಟರ್, ಕಾರ್ಡಿಯರೈಟ್ ಎರಡರ ಆಸುಪಾಸು ಹಿಗ್ಗುತ್ತವೆ. ತಣ್ಣಗಿನ ಕೊಳವೆಯನ್ನು ಕಾದ ಕುಲುಮೆಗೆ ತೂರಿಸಿದಾಗ ಒಂದು ಭಾಗ ಹಿಗ್ಗಿ ಪಕ್ಕದ ಭಾಗ ಹಿಗ್ಗದೇ ಉಳಿಯುತ್ತದೆ. ಆ ಎಳೆತವನ್ನು ತಾಳಲಾರದೆ ಕೊಳವೆ ಸೀಳುತ್ತದೆ. ಹೆಚ್ಚು ಹಿಗ್ಗುವ ವಸ್ತುವಿಗೆ ಪೆಟ್ಟೂ ಹೆಚ್ಚು. ಇಷ್ಟೂ ವರ್ಷ ನೀವು ಹಣ ತೆತ್ತದ್ದು ನಿಮಗೆ ಬೇಕಿಲ್ಲದ ತಾಪ ಸಹಿಷ್ಣುತೆಗೆ!

ನನ್ನ ಸಲಹೆ ಮುಲ್ಲೈಟ್. ಅಲ್ಯುಮಿನಾ ಮತ್ತು ಸಿಲಿಕಾ ಕೂಡಿ ಆದ ಈ ವಸ್ತು ನಿಮ್ಮ ತಾಪವನ್ನು ಸಲೀಸಾಗಿ ತಡೆಯುತ್ತದೆ. ಆದರೆ ಕೊಳ್ಳುವಾಗ ಅನಿಲ ನುಸುಳದ, ಗಟ್ಟಿ ಮೈಯ ಕೊಳವೆಯನ್ನೇ ಕೇಳಿ. ಕಾರ್ಡಿಯರೈಟ್ ಸಾಮಾನ್ಯವಾಗಿ ರಂಧ್ರಮಯ. ಕುಲುಮೆಯ ತಟ್ಟೆ, ಆಧಾರದ ತುಂಡುಗಳಿಗೆ ಅದು ಬಹಳ ಒಳ್ಳೆಯದು, ಅನಿಲ ತಡೆಯಬೇಕಾದ ಕೊಳವೆಗೆ ಬೇಡ. ಒಡೆದ ತುಂಡಿನ ಅಂಚಿಗೆ ಒಂದು ಹನಿ ಶಾಯಿ ಬಿಟ್ಟು ಒರೆಸಿ ನೋಡಿ: ಶಾಯಿ ಒಳಗಿಳಿದು ಹರಡಿದ್ದರೆ ಆ ಮೈಯಲ್ಲಿ ರಂಧ್ರಗಳಿವೆ.

ಅನಿಲದ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಕಾರ್ಬುರೈಸಿಂಗ್ (ಉಕ್ಕಿನ ಮೈಗೆ ಇಂಗಾಲ ಸೇರಿಸುವ ಕೆಲಸ) ಮಾಡುವ ಕುಲುಮೆಯಲ್ಲಿ ಆಮ್ಲಜನಕ ತೀರಾ ಕಡಿಮೆ. ಅಂಥ ಅನಿಲ ಒಳಗೆ ನುಸುಳಿದರೆ ಕೆ ಮಾದರಿಯ ಥರ್ಮೋಕಪಲ್‌ನ ತಂತಿಯಲ್ಲಿರುವ ಕ್ರೋಮಿಯಂ ಮಾತ್ರ ಆಕ್ಸೈಡ್ ಆಗುತ್ತಾ ಹೋಗುತ್ತದೆ. ತಂತಿ ಹಸಿರು ಬಣ್ಣಕ್ಕೆ ತಿರುಗಿ, ಮೀಟರ್ ನಿಜವಾದ ತಾಪಕ್ಕಿಂತ ಕಡಿಮೆ ತೋರಿಸುತ್ತದೆ. ಅದನ್ನು ನಂಬಿ ನಿಯಂತ್ರಕ ಇನ್ನಷ್ಟು ಕಾಯಿಸುತ್ತದೆ, ಕೊನೆಗೆ ಕೆಡುವುದು ಗ್ರಾಹಕರ ಮಾಲು.

ಹಿಗ್ಗುವುದೇ ತೊಂದರೆಯಾದರೆ ಫ್ಯೂಸ್ಡ್ ಸಿಲಿಕಾ (ಸಿಲಿಕಾ ಕರಗಿಸಿ ಮಾಡಿದ ಗಾಜು) ಇನ್ನೂ ಉತ್ತಮವಲ್ಲವೇ ಎಂದು ನಿಮಗೆ ಅನ್ನಿಸಬಹುದು. ನಿಜ, ಒಂದು ಮೀಟರ್‌ಗೆ ಅದು ಹಿಗ್ಗುವುದು ಅರ್ಧ ಮಿಲಿಮೀಟರ್ ಮಾತ್ರ. ಆದರೆ ದೀರ್ಘಕಾಲ 1100 ಡಿಗ್ರಿ ದಾಟಿದರೆ ಅದು ಕ್ರಿಸ್ಟೊಬಲೈಟ್ ಎಂಬ ಹರಳಾಗುತ್ತದೆ. ಬೆವರಿನ ಉಪ್ಪು ಅಂಟಿದ ಕಡೆ ಇನ್ನೂ ಕಡಿಮೆ ತಾಪದಲ್ಲೇ ಇದು ಶುರುವಾಗಬಹುದು. ಆ ಹರಳು ತಣಿಯುವಾಗ 200ರಿಂದ 270 ಡಿಗ್ರಿಯ ನಡುವೆ ಥಟ್ಟನೆ ಕುಗ್ಗಿ ಕೊಳವೆಯನ್ನು ಒಡೆಯುತ್ತದೆ. ಬಳಸುವುದಾದರೆ ಕೈಗವಸು ಹಾಕಿಯೇ ಮುಟ್ಟಿ.

ಬರೀ ಗಾಳಿ ಇರುವ ಕುಲುಮೆಯಾದರೆ ಪಿಂಗಾಣಿಯೇ ಬೇಕೆಂದಿಲ್ಲ. 310 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ 950 ಡಿಗ್ರಿಗೆ ಸಾಕು, ಕೈಜಾರಿ ಬಿದ್ದರೂ ಒಡೆಯುವುದಿಲ್ಲ.

ಇನ್ನು ದುಬಾರಿ ಕೊಳವೆಯನ್ನು ಬಿಡಬಾರದ ಜಾಗ: ಒಳಗಿನ ತಂತಿ ಪ್ಲಾಟಿನಂ ಆಗಿದ್ದು, ಕುಲುಮೆಯ ಅನಿಲದಲ್ಲಿ ಆಮ್ಲಜನಕ ಇಲ್ಲದಿದ್ದರೆ ಶುದ್ಧ ಅಲ್ಯುಮಿನಾವನ್ನೇ ಇಟ್ಟುಕೊಳ್ಳಿ. ಆ ಸ್ಥಿತಿಯಲ್ಲಿ ಮುಲ್ಲೈಟ್‌ನಲ್ಲಿರುವ ಸಿಲಿಕಾದಿಂದ ಸಿಲಿಕಾನ್ ಹೊರಬಂದು ಪ್ಲಾಟಿನಂಗೆ ಸೇರುತ್ತದೆ, ತಂತಿ ಪೆಡಸಾಗಿ ತುಂಡಾಗುತ್ತದೆ. ಕೊಳವೆಯಲ್ಲಿ ಉಳಿಸಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಹಣ ತಂತಿಗೆ ಹೋಗುತ್ತದೆ.

ಮೊದಲು ಎರಡೇ ಮುಲ್ಲೈಟ್ ಕೊಳವೆ ತರಿಸಿ. ಒಂದನ್ನು ಈಗಿನ ಅಲ್ಯುಮಿನಾದ ಪಕ್ಕದಲ್ಲೇ ಕೂರಿಸಿ, ಹಾಕಿದ ದಿನವನ್ನೂ ಕುಲುಮೆ ಎಷ್ಟು ಬಾರಿ ಕಾದು ತಣಿಯಿತೆಂಬುದನ್ನೂ ಪುಸ್ತಕದಲ್ಲಿ ಬರೆದಿಡಿ. ಕಾದ ಕುಲುಮೆಗೇ ಹಾಕಬೇಕಾಗಿ ಬಂದರೆ ನಿಮಿಷಕ್ಕೆ ಎರಡು ಮೂರು ಸೆಂಟಿಮೀಟರ್‌ನಂತೆ ನಿಧಾನವಾಗಿ ಒಳಗೆ ಬಿಡಿ. ಈ ಒಂದು ಕೆಲಸವನ್ನು ಇವತ್ತೇ ಶುರುಮಾಡಿದರೆ ನಿಮ್ಮಲ್ಲಿರುವ ಅಲ್ಯುಮಿನಾ ಕೊಳವೆಗಳೂ ಇನ್ನಷ್ಟು ದಿನ ಬಾಳಿಯಾವು.