ಪತ್ತನಾಜೆ ಕಳೆದರೂ ನಿಲ್ಲದ ಬಾಡಿಗೆ

ಮಂಗಳೂರು, ಉಡುಪಿಯ ಸಣ್ಣ ಪ್ರೆಸ್ಸುಗಳಿಗೆ ವರ್ಷವೆಂದರೆ ಆರೇಳು ತಿಂಗಳು. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ಆಟದ ಕರಪತ್ರ, ದೈವದ ನೇಮದ ಕಾಗದ, ಬ್ರಹ್ಮಕಲಶದ ಆಮಂತ್ರಣ, ಮದುವೆ ಕಾಗದ, ಶಾಲೆಯ ಸ್ಮರಣ ಸಂಚಿಕೆ ಎಂದು ರಾತ್ರಿಯಾದರೂ ಮಿಷನ್ ನಿಲ್ಲುವುದಿಲ್ಲ. ಮೇ ಕೊನೆಯಲ್ಲಿ ಪತ್ತನಾಜೆಗೆ ಮೇಳದವರು ಗೆಜ್ಜೆ ಬಿಚ್ಚಿದರೆ ಇಲ್ಲೂ ಸದ್ದಡಗುತ್ತದೆ. ತುಳುವರ ಆಟಿ ತಿಂಗಳ ಮಳೆಗೆ ಕಾಗದ ತೇವ ಹೀರಿ ಅಂಚು ಸುರುಳಿಯಾಗುತ್ತದೆ, ಬಂದ ಒಂದೆರಡು ಕೆಲಸವೂ ಬಿಸಿಲಿಗೆ ಕಾಯುತ್ತದೆ. ಪುಟ ಕಟ್ಟುವ ಸಾಫ್ಟ್‌ವೇರಿನ ಚಂದಾ ಮಾತ್ರ ಆಟಿಗೂ ಕಟ್ಟಬೇಕು, ಸೋಣಕ್ಕೂ ಕಟ್ಟಬೇಕು.

ಎರಡು ವರ್ಷದ ಹಿಂದೆ ಒಂದು ಆಟಿಯಲ್ಲೇ ಇದರ ಬಿಸಿ ನನಗೆ ತಟ್ಟಿತು. ನಮ್ಮ ಸಂಘದ ಸ್ಮರಣ ಸಂಚಿಕೆಯ ಪ್ರೂಫ್ ನೋಡುವುದು ನನ್ನ ಪಾಲಿನ ಕೆಲಸ. ಹಂಪನಕಟ್ಟೆ ಹತ್ತಿರದ ಡಿಟಿಪಿ ಅಂಗಡಿಯೊಂದರಲ್ಲಿ 96 ಪುಟ ಕಟ್ಟಿಸಿದ್ದೆವು. ದಾನಿಯೊಬ್ಬರ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿತ್ತು. ತಿದ್ದೋಣವೆಂದು ಹೋದರೆ, ಕಂಪ್ಯೂಟರಿನಲ್ಲಿ ಫೈಲ್ ಇದೆ, ಅದನ್ನು ತೆರೆಯುವ ಸಾಫ್ಟ್‌ವೇರ್ ಚಂದಾ ಮುಗಿದು ಬಾಗಿಲು ಹಾಕಿದೆ. ಕೆಲಸವಿಲ್ಲದ ತಿಂಗಳಿಗೆ ದುಡ್ಡು ಯಾಕೆ ಎಂದು ಅಂಗಡಿಯವರು ನವೀಕರಿಸಿರಲಿಲ್ಲ. ಪಕ್ಕದಂಗಡಿಯಲ್ಲಿ ಅದರದೇ ಹಳೆಯ ಆವೃತ್ತಿ ಇತ್ತು. ಹೊಸದರಲ್ಲಿ ಉಳಿಸಿದ ಫೈಲ್ ಅದಕ್ಕೆ ಅರ್ಥವಾಗಲಿಲ್ಲ. ನಾವೇ ಬರೆದು ನಾವೇ ಜೋಡಿಸಿದ ಪುಟಗಳ ಮುಂದೆ ಕೈಕಟ್ಟಿ ನಿಂತೆವು.

ಅಚ್ಚಿನ ಕೆಲಸಕ್ಕೆ ಹೆಸರಾದ ಊರು ಮಂಗಳೂರು. 1841ರಲ್ಲಿ ಬಾಸೆಲ್ ಮಿಷನ್ ಇಲ್ಲಿ ಕಲ್ಲಚ್ಚಿನ ಮುದ್ರಣಾಲಯ ಶುರುಮಾಡಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರಡಿಸಿದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಮೂಡಿದ್ದು ಆ ಕಲ್ಲಿನ ಮೇಲೆ. 1894ರಲ್ಲಿ ಕಿಟೆಲರ ನಿಘಂಟು ಬಂದದ್ದೂ ಬಾಸೆಲ್ ಮಿಷನ್ ಪ್ರೆಸ್ಸಿನಿಂದಲೇ. ಆಮೇಲೆ ನೂರು ವರ್ಷ ಇಲ್ಲಿನವರ ಕೈಯಲ್ಲಿ ಸೀಸದ ಅಚ್ಚುಮೊಳೆಯಿತ್ತು. ಮೊಳೆ ಸವೆದರೆ ಕರಗಿಸಿ ಮತ್ತೆ ಎರಕ ಹೊಯ್ಯಬಹುದಿತ್ತು. ಮಳೆಗಾಲವಿಡೀ ಮೊಳೆ ಇಡುವ ಕೇಸಿನೊಳಗೆ ಮಲಗಿದ್ದರೂ ಅದಕ್ಕೆ ಬಾಡಿಗೆ ಇರಲಿಲ್ಲ.

ಕಂಪ್ಯೂಟರಿಗೆ ಕನ್ನಡ ಬಂದಾಗಲೂ ಈ ನೆಲದ ಪಾಲು ದೊಡ್ಡದು. ಕಿನ್ನಿಕಂಬಳದ ಕೆ.ಪಿ. ರಾವ್ ‘ಸೇಡಿಯಾಪು’ ಎಂಬ ಕನ್ನಡ ತಂತ್ರಾಂಶ ಮಾಡಿದರು. ಹೆಸರು ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರದು. ನಾವೆಲ್ಲ ಇವತ್ತು ನುಡಿ ಕೀಲಿಮಣೆ ಎಂದು ಕುಟ್ಟುವುದರ ಹಿಂದೆ ಇರುವುದು ಅವರು ರೂಪಿಸಿದ ವಿನ್ಯಾಸ. ಅದರ ಮೇಲೆ ಹಕ್ಕು ಸಾಧಿಸದೆ ನಾಡಿಗೆ ಬಿಟ್ಟುಕೊಟ್ಟರು. ಇದನ್ನು ನಾವು ಸಾಕಷ್ಟು ನೆನೆಯುವುದಿಲ್ಲ ಎಂಬ ಕೊರಗು ನನಗಿದೆ.

ಪುಟ ಕಟ್ಟುವ ಸಾಫ್ಟ್‌ವೇರಿನ ದಾರಿ ಬೇರೆ. ಆಲ್ಡಸ್ ಕಂಪನಿಯ ಪೇಜ್‌ಮೇಕರ್ ಬಂದದ್ದು 1985ರಲ್ಲಿ; 1994ರಲ್ಲಿ ಆಲ್ಡಸ್ ಅನ್ನೇ ಅಡೋಬಿ ಕೊಂಡಿತು; 2001ರ 7.0 ಅದರ ಕೊನೆಯ ಆವೃತ್ತಿ. ನಮ್ಮ ಡಿಟಿಪಿ ಅಂಗಡಿಗಳು ಬೆಳೆದದ್ದು ಈ ಪೇಜ್‌ಮೇಕರ್ ಮತ್ತು ಕೋರೆಲ್‌ಡ್ರಾ ನೆಚ್ಚಿಕೊಂಡು. ದುಡ್ಡು ಕೊಟ್ಟು ಕೊಂಡವರಿದ್ದರು, ಸಿಡಿ ನಕಲು ಮಾಡಿಕೊಂಡವರೂ ಇದ್ದರು, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಎರಡಕ್ಕೂ ಕನ್ನಡ ಗೊತ್ತಿರಲಿಲ್ಲ. ಹಾಗಾಗಿ ಶ್ರೀಲಿಪಿ, ಆಕೃತಿ, ಬರಹ, ನುಡಿ ಎಂದು ಒಬ್ಬೊಬ್ಬರು ಒಂದೊಂದು ಉಪಾಯ ಮಾಡಿದರು: ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದು ಫಾಂಟ್ ತೆಗೆದುಬಿಟ್ಟರೆ ದೊಡ್ಡ ಪಿ, ತಲೆಮೇಲೆ ಗೀರಿರುವ ಎ, ಪೌಂಡಿನ ಗುರುತು, ಮತ್ತೆ ಎ, ಹೀಗೆ ಸಾಲು ಕಾಣುತ್ತದೆ. ಕಂಪ್ಯೂಟರಿನ ಹೊಟ್ಟೆಯಲ್ಲಿರುವುದು ಅದೇ. ಕನ್ನಡ ಬರೀ ಮುಖವಾಡ. ಒಂದು ಕಂಪನಿಯ ಫಾಂಟಿನಲ್ಲಿ ಬರೆದದ್ದು ಇನ್ನೊಂದರಲ್ಲಿ ಕಲಸುಮೇಲೋಗರ.

ಇದಕ್ಕೆ ಉತ್ತರ ಯುನಿಕೋಡ್. ಅಲ್ಲಿ ಕ ಎಂದರೆ ಎಲ್ಲ ಕಡೆಯೂ ಕ. ವಿಂಡೋಸ್ ಎಕ್ಸ್‌ಪಿ 2001ರಲ್ಲೇ ಯುನಿಕೋಡ್ ಕನ್ನಡ ತೋರಿಸುತ್ತಿತ್ತು. ಆದರೆ ಪೇಜ್‌ಮೇಕರ್ ಜಾಗಕ್ಕೆ ಬಂದ ಅಡೋಬಿಯ ಇನ್‌ಡಿಸೈನಿಗೆ ಕನ್ನಡದ ಒತ್ತಕ್ಷರ, ಗುಣಿತ ಕೂರಿಸುವ ವ್ಯವಸ್ಥೆ ಅಧಿಕೃತವಾಗಿ ಬಂದದ್ದು 2012ರ ಸಿಎಸ್6 ಆವೃತ್ತಿಯಲ್ಲಿ, ಇನ್ನೊಂಬತ್ತು ಭಾರತೀಯ ಭಾಷೆಗಳ ಜತೆಗೆ. ಮರುವರ್ಷ, 2013ರ ಮೇ ತಿಂಗಳಲ್ಲಿ ಅಡೋಬಿ ಘೋಷಿಸಿತು: ಸಿಎಸ್6 ಕೊನೆಯದು, ಇನ್ನು ಮುಂದೆ ಕ್ರಿಯೇಟಿವ್ ಕ್ಲೌಡ್ ಚಂದಾ ಮಾತ್ರ. ಯಾವ ಆವೃತ್ತಿಯಲ್ಲಿ ಕನ್ನಡ ಸರಿಯಾಗಿ ಕೂತಿತೋ, ಒಮ್ಮೆ ದುಡ್ಡು ಕೊಟ್ಟು ನಮ್ಮದು ಮಾಡಿಕೊಳ್ಳಬಹುದಾದ ಆವೃತ್ತಿಗಳಲ್ಲಿ ಅದೇ ಕೊನೆಯದು. ನಾವು ಬಸ್‌ಸ್ಟ್ಯಾಂಡ್ ಮುಟ್ಟುವಾಗ ಬಸ್ಸು ಹೊರಟಿತ್ತು. ನಮ್ಮ ಎಷ್ಟೋ ಅಂಗಡಿಗಳು ಇವತ್ತಿಗೂ ಪೇಜ್‌ಮೇಕರ್ ಬಿಡದಿರುವುದಕ್ಕೆ ಸೋಮಾರಿತನ ಕಾರಣ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆರು ತಿಂಗಳ ದುಡಿಮೆಯಲ್ಲಿ ಹನ್ನೆರಡು ತಿಂಗಳ ಬಾಡಿಗೆ ಕಟ್ಟುವ ಲೆಕ್ಕ ಅವರಿಗೆ ಕೂಡಿಬರುತ್ತಿಲ್ಲ.

ಚಂದಾದಲ್ಲಿ ಒಳ್ಳೆಯದೇ ಇಲ್ಲವೆಂದಲ್ಲ. ಹೊಸ ಹುಡುಗನೊಬ್ಬ ಒಟ್ಟಿಗೆ ದೊಡ್ಡ ಮೊತ್ತ ಹಾಕದೆ ಕೆಲಸ ಶುರುಮಾಡಬಹುದು. ಆದರೆ ಅಡೋಬಿಯಲ್ಲಿ ವರ್ಷದ ಒಪ್ಪಂದ ಮಾಡಿ ತಿಂಗಳಿಗೊಮ್ಮೆ ಕಟ್ಟುವ ಯೋಜನೆಯನ್ನು ಹದಿನಾಲ್ಕು ದಿನ ಕಳೆದ ಮೇಲೆ ಬಿಟ್ಟರೆ ಉಳಿದ ಮೊತ್ತದ ಅರ್ಧ ಕೊಡಬೇಕೆಂಬ ಷರತ್ತಿತ್ತು. ಅದನ್ನು ಗಿರಾಕಿಗಳ ಕಣ್ಣಿಗೆ ಬೀಳದಂತೆ ಇಟ್ಟಿದೆ ಎಂದು 2024ರ ಜೂನ್‌ನಲ್ಲಿ ಅಮೆರಿಕ ಸರ್ಕಾರವೇ ಅಡೋಬಿ ಮೇಲೆ ಮೊಕದ್ದಮೆ ಹೂಡಿತು. ಬಣ್ಣವೂ ಬಾಡಿಗೆಗೆ ಹೋಯಿತು: 2022ರ ಕೊನೆಗೆ, ಮುದ್ರಕರು ನಂಬರಿನಿಂದ ಗುರುತಿಸುವ ಪ್ಯಾಂಟೋನ್ ಬಣ್ಣಗಳ ಹಲವು ಪಟ್ಟಿಗಳನ್ನು ಈ ಸಾಫ್ಟ್‌ವೇರ್‌ಗಳಿಂದ ತೆಗೆದರು, ಬೇರೆ ಚಂದಾ ಇಲ್ಲದವರ ಹಳೆಯ ಫೈಲುಗಳಲ್ಲಿ ಆ ಬಣ್ಣದ ಜಾಗ ಕಪ್ಪಾಗಿ ಕಂಡಿತು.

ಇನ್ನು ಪ್ರೆಸ್ಸಿನವರ ಕಷ್ಟ. ಮೊದಲೆಲ್ಲ ಒಂದೇ ಬಣ್ಣದ ಕೆಲಸಕ್ಕೆ ಟ್ರೇಸಿಂಗ್ ಪೇಪರಿನ ಮೇಲೆ ಪ್ರಿಂಟ್ ತೆಗೆದು ಅದರಿಂದಲೇ ಅಚ್ಚಿನ ಪ್ಲೇಟ್ ಮಾಡುತ್ತಿದ್ದರು, ಬಣ್ಣಕ್ಕೆ ಫಿಲ್ಮ್. ಈಗ ಫೈಲ್ ನೇರ ಸಿಟಿಪಿ ಯಂತ್ರಕ್ಕೆ ಹೋಗಿ ಪ್ಲೇಟಾಗುತ್ತದೆ; ನಡುವೆ ಕಣ್ಣಿಟ್ಟು ನೋಡುವವರು ಕಡಿಮೆ. ಫೈಲಿನೊಳಗಿನ ತಪ್ಪು ಕಾಗದದ ಮೇಲೆಯೇ ಗೊತ್ತಾಗುವುದು. ಈ ಕಾರಣಕ್ಕೇ 2001ರಲ್ಲಿ ಪಿಡಿಎಫ್/ಎಕ್ಸ್-1ಎ ಎಂಬ ಅಂತರರಾಷ್ಟ್ರೀಯ ಮಾನದಂಡ ಬಂತು: ಫಾಂಟ್ ಫೈಲಿನೊಳಗೇ ಇರಬೇಕು, ಬಣ್ಣ ಪರದೆಯ ಆರ್‌ಜಿಬಿ ಇರದೆ ನೀಲಿ, ಕೆಂಪು, ಹಳದಿ, ಕಪ್ಪು ಶಾಯಿಗಳ ಸಿಎಂವೈಕೆ ಅಥವಾ ಬಿಡಿ ಶಾಯಿಯ ಬಣ್ಣ ಇರಬೇಕು, ಪಾರದರ್ಶಕ ಪದರ ಇರಬಾರದು. ಆಮೇಲೆ ಬಂದ ಪಿಡಿಎಫ್/ಎಕ್ಸ್-4 ಪಾರದರ್ಶಕತೆಗೆ ಜಾಗ ಕೊಟ್ಟಿತು. ನಮ್ಮಲ್ಲಿ ಇದರ ಬದಲಿಗೆ ನಡೆಯುವುದು ‘ಕರ್ವ್ ಮಾಡಿ ಕಳಿಸಿ’. ಅಕ್ಷರವನ್ನೆಲ್ಲ ಚಿತ್ರವಾಗಿ ಬದಲಿಸಿಬಿಟ್ಟರೆ ಫಾಂಟ್ ತಪ್ಪುವ ಭಯವಿಲ್ಲ, ನಿಜ. ಕಡೇ ಗಳಿಗೆಯಲ್ಲಿ ಒಂದು ದೀರ್ಘ ತಿದ್ದಲೂ ಆಗುವುದಿಲ್ಲ.

ಕನ್ನಡಕ್ಕೆ ಎಲ್ಲಕ್ಕಿಂತ ಹೆಚ್ಚು ಪೆಟ್ಟು ಕೊಡುವುದು ಕಪ್ಪು. ಫೋನಿನಲ್ಲೋ ವರ್ಡ್‌ನಲ್ಲೋ ಮಾಡಿದ ಕಪ್ಪು ಅಕ್ಷರ ಸಿಎಂವೈಕೆಗೆ ಬದಲಾಗುವಾಗ ನಾಲ್ಕು ಶಾಯಿಗಳ ಮಿಶ್ರಣವಾಗುತ್ತದೆ. ಮಳೆಗಾಲದಲ್ಲಿ ಹಿಗ್ಗಿದ ಕಾಗದದ ಮೇಲೆ ನಾಲ್ಕು ಪ್ಲೇಟು ಕೂದಲೆಳೆ ಸರಿದರೂ ಸಾಕು. ಎಂಟು ಪಾಯಿಂಟಿನ ‘ಸ್ತ್ರೀ’ಯನ್ನು ಭೂತಗನ್ನಡಿಯಲ್ಲಿ ನೋಡಿದ್ದೇನೆ: ತಕಾರದ ಒತ್ತಿಗೆ ಒಂದು ಕೆಂಪು ನೆರಳು, ರಕಾರದ ಬಾಲಕ್ಕೆ ನೀಲಿ ನೆರಳು, ನಡುವಿನ ಬಿಳಿ ಕಿಂಡಿ ಪೂರ್ತಿ ತುಂಬಿಹೋಗಿತ್ತು. ಅಕ್ಷರ ಕಪ್ಪು ಶಾಯಿ ಒಂದರಿಂದಲೇ, ನೂರಕ್ಕೆ ನೂರು, ಅಚ್ಚಾಗಬೇಕು. ಪುಟದಂಚಿನವರೆಗೆ ಬಣ್ಣವಿದ್ದರೆ ಸುತ್ತ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸಿ ಹೋಗುವ ಹೆಚ್ಚುವರಿ ಬಣ್ಣ, ಬಿಡಬೇಕು, ಇಲ್ಲದಿದ್ದರೆ ಕತ್ತರಿಸಿದ ಅಂಚಿನಲ್ಲಿ ಬಿಳಿ ಗೆರೆ. ವಾಟ್ಸ್ಯಾಪಿನಲ್ಲಿ ಬಂದ ಫೋಟೊ ಸಾಮಾನ್ಯವಾಗಿ 1600 ಪಿಕ್ಸೆಲಿಗೆ ಕುಗ್ಗಿರುತ್ತದೆ; ಇಂಚಿಗೆ 300ರಂತೆ ಅದು ಐದೂಕಾಲು ಇಂಚಿಗೆ ಸಾಕು, ಎ4 ಮುಖಪುಟಕ್ಕೆ ಸಾಲದು.

ಚಂದಾ ಬೇಡವೆನ್ನುವವರಿಗೆ ದಾರಿ ಇಲ್ಲದಿಲ್ಲ. ಪುಟ ಕಟ್ಟುವ ಮುಕ್ತ ತಂತ್ರಾಂಶ ಸ್ಕ್ರೈಬಸ್ 2017ರ 1.5.3 ಆವೃತ್ತಿಯಿಂದ ನಮ್ಮ ಲಿಪಿಗಳನ್ನು ಜೋಡಿಸಬಲ್ಲದು, ಸಿಎಂವೈಕೆ ಮತ್ತು ಪಿಡಿಎಫ್/ಎಕ್ಸ್ ಎರಡೂ ಅದರಲ್ಲಿವೆ. ಪುಟ ಕಟ್ಟುವ ಇನ್ನೊಂದು ತಂತ್ರಾಂಶ ಅಫಿನಿಟಿಯನ್ನು 2024ರಲ್ಲಿ ಕ್ಯಾನ್ವಾ ಕಂಪನಿ ಕೊಂಡು 2025ರಲ್ಲಿ ಉಚಿತ ಮಾಡಿತು. ಅದರ ಹಿಂದಿನ ಆವೃತ್ತಿಗಳಲ್ಲಿ ಕನ್ನಡ ಒಡೆದುಹೋಗುತ್ತಿತ್ತು, ಹಾಗಾಗಿ ಕೆಲಸ ಒಪ್ಪಿಕೊಳ್ಳುವ ಮೊದಲು ಒಂದು ಪುಟ ಕಟ್ಟಿ ನೋಡಿ. ‘ನೋಟೋ’, ‘ಬಲೂ ತಮ್ಮ’ ಎಂಬಂಥ ಯುನಿಕೋಡ್ ಫಾಂಟುಗಳು ಉಚಿತವಾಗಿಯೇ ಸಿಗುತ್ತವೆ. ಬಾಡಿಗೆಯ ಸಾಫ್ಟ್‌ವೇರನ್ನೇ ಬಳಸುವಿರಾದರೆ ಕೆಲಸ ಮುಗಿದ ದಿನವೇ ಹಳೆಯ ಆವೃತ್ತಿಗಳೂ ಓದಬಲ್ಲ ಐಡಿಎಂಎಲ್ ಪ್ರತಿ, ಮುದ್ರಣದ ಪಿಡಿಎಫ್, ಬರೀ ಯುನಿಕೋಡ್ ಪಠ್ಯ, ಈ ಮೂರನ್ನೂ ಅಂಗಡಿಯಿಂದ ಕೇಳಿ ಪಡೆಯಿರಿ. ದುಡ್ಡು ಕೊಟ್ಟು ಕಟ್ಟಿಸಿದ್ದು ನಿಮ್ಮ ಪುಸ್ತಕ.

ನಮ್ಮ ಸಂಘದ 2003ರ ಸಂಚಿಕೆಯ ಫೈಲ್ ಸಿಡಿಯಲ್ಲಿ ಇನ್ನೂ ಇದೆ. ಅದರ ಫಾಂಟ್ ಯಾರ ಬಳಿಯೂ ಇಲ್ಲ. ಹಳೆಯ ಭಾಗವತರೊಬ್ಬರ ನೆನಪಿನ ಲೇಖನ ಅದರಲ್ಲಿತ್ತು. ಈ ಮಳೆಗಾಲ ಪ್ರತಿ ಭಾನುವಾರ ನಾನು ಆ ಸಂಚಿಕೆಯ ಅಚ್ಚಾದ ಪ್ರತಿ ಹಿಡಿದು ಓದುತ್ತೇನೆ, ಅಕ್ಕನ ಮಗಳು ಯುನಿಕೋಡಿನಲ್ಲಿ ಟೈಪ್ ಮಾಡುತ್ತಾಳೆ. ನಲವತ್ತೊಂದನೆಯ ಪುಟ ಮುಗಿದಿದೆ.