ಮೋಡದ ಮೇಲೆ ನಡೆಸುವ ಮುನ್ನ

ನಾಟಕಕ್ಕೆ ಬೆಳಕು ಮಾಡುವವನು ನಾನು. ಮದುವೆ ರಿಸೆಪ್ಷನ್‌ಗೂ ಕರೆಯುತ್ತಾರೆ. 'ಹುಡುಗ ಹುಡುಗಿ ಮೋಡದ ಮೇಲೆ ನಡೆದು ಬರಬೇಕು, ಹೊಗೆ ಜಾಸ್ತಿ ಬಿಡಿ' ಅಂತಾರೆ. ಯಾವ ಹೊಗೆ ಅಂತ ಕೇಳಿದರೆ ಪಿಳಿಪಿಳಿ ನೋಡುತ್ತಾರೆ.

ನಾಟಕದ ಮಾಮೂಲಿ ಫಾಗ್ ಮಷಿನ್ ಗ್ಲೈಕಾಲ್ ಅಥವಾ ಗ್ಲಿಸರಿನ್ ಬೆರೆತ ನೀರನ್ನು ಕಾಯಿಸಿ ಉಗುಳುತ್ತದೆ. ಈ ಹೊಗೆ ಮೇಲೇಳುತ್ತದೆ. ಗಂಟಲು ಒಣಗುತ್ತದೆ, ಆಸ್ತಮಾ ಇದ್ದವರಿಗೆ ಎದೆ ಬಿಗಿಯಬಹುದು. ಹಾಡುವವರು ಇದನ್ನು ಬೈಯುವುದು ಸುಮ್ನೆ ಅಲ್ಲ. ಮಷಿನ್ ಬಾಯಿಯ ಎದುರು ಯಾರನ್ನೂ ನಿಲ್ಲಿಸಬೇಡಿ. ಕಾಸು ಉಳಿಸಲು ಸಿಕ್ಕ ಲಿಕ್ವಿಡ್ ಸುರಿದು, ಘಮಕ್ಕೆ ಸೆಂಟು ಬೆರೆಸುವವರನ್ನೂ ಕಂಡಿದ್ದೇನೆ. ಲಿಕ್ವಿಡ್ ಅತಿಯಾಗಿ ಕಾದರೆ ಆಕ್ರೋಲೀನ್‌ನಂಥ, ಕಣ್ಣು ಗಂಟಲು ಉರಿಸುವ ಅನಿಲ ಹುಟ್ಟಬಹುದು. ಇನ್ನು ನೆಲದ ಮೇಲೆ ಕೂರುವ ಜಿಡ್ಡು. ಬರಿಗಾಲಲ್ಲಿ ಕುಣಿಯುವ ಭರತನಾಟ್ಯದ ಮಕ್ಕಳಿದ್ದರೆ ನಾನು ವೇದಿಕೆ ಪಕ್ಕದ ಮರೆಯಲ್ಲಿ ಒಣಬಟ್ಟೆ ಇಟ್ಟುಕೊಂಡೇ ಇರುತ್ತೇನೆ.

ಮೋಡದ ಹೊಗೆಯ ಕಥೆಯೇ ಬೇರೆ. ಬಿಸಿನೀರಿಗೆ ಡ್ರೈ ಐಸ್ ಹಾಕಿ ಎಬ್ಬಿಸುವುದು ಅದು. ಡ್ರೈ ಐಸ್ ಅಂದರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್, ಮೈನಸ್ 78 ಡಿಗ್ರಿ. ಬರಿಗೈಲಿ ಹಿಡಿದರೆ ಬೊಬ್ಬೆ ಗ್ಯಾರಂಟಿ. ಕಣ್ಣಿಗೆ ಕಾಣುವ ಮಂಜು ಬರೀ ನೀರಿನ ಹನಿ, ಪಾಪದ್ದು. ಅದರ ಜೊತೆಗಿರುವ ಅನಿಲ ಕಾಣುವುದೇ ಇಲ್ಲ. ಗಾಳಿಗಿಂತ ಒಂದೂವರೆ ಪಟ್ಟು ಭಾರ, ಹಾಗಾಗಿ ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಮಂಜು ಕರಗಿದ ಮೇಲೂ ಅಲ್ಲೇ ಇರುತ್ತದೆ. 1 ಕೆಜಿಗೆ 500 ಲೀಟರ್‌ಗಿಂತ ಹೆಚ್ಚು ಅನಿಲ ಬರುತ್ತದೆ. ಹತ್ತಡಿ ಉದ್ದ, ಅಗಲ, ಎತ್ತರದ ಗ್ರೀನ್ ರೂಮ್ ಬಾಗಿಲು ಮುಚ್ಚಿ 10 ಕೆಜಿ ಕರಗಲು ಬಿಟ್ಟರೆ, ಹೆಚ್ಚುಕಡಿಮೆ ಗಾಳಿಯ ಆರನೇ ಒಂದು ಪಾಲು ಇದೇ ಆಗುತ್ತದೆ. ಶೇ. 4 ಇದ್ದರೇ ಜೀವಕ್ಕೆ ಅಪಾಯ ಅನ್ನುವುದು ಕಾರ್ಖಾನೆ ಸುರಕ್ಷತೆಯವರ ಲೆಕ್ಕ. 2020ರ ಫೆಬ್ರವರಿಯಲ್ಲಿ ಮಾಸ್ಕೋದ ಒಂದು ಪಾರ್ಟಿಯಲ್ಲಿ ಹೊಗೆ ಏಳಲಿ ಅಂತ ಈಜುಕೊಳಕ್ಕೆ ಡ್ರೈ ಐಸ್ ಸುರಿದರು. ಮೂವರು ಸತ್ತರು.

ಅದಕ್ಕೇ ಡ್ರೈ ಐಸ್ ತರುವ ಕಾರಿನ ಕಿಟಕಿ ಇಳಿಸಿರಬೇಕು. ಬಿಗಿ ಮುಚ್ಚಳದ ಡಬ್ಬಿ ಬೇಡವೇ ಬೇಡ, ಒತ್ತಡಕ್ಕೆ ಸಿಡಿಯುತ್ತದೆ.

ಮೊನ್ನೆ ಒಂದು ಮದುವೆಯಲ್ಲಿ ಹೂ ಚೆಲ್ಲಲು ಐದಾರು ಪುಟಾಣಿಗಳನ್ನು ಮುಂದೆ ಬಿಟ್ಟಿದ್ದರು. ಮಂಜು ಮೊಣಕಾಲಿಗೆ ಬಂದದ್ದೇ ತಡ, ಎಲ್ಲರೂ ಅದರೊಳಗೆ ಕೂತು ಈಜಾಟ ಶುರು ಮಾಡಿದರು. ದೊಡ್ಡವರ ಮೂಗು ಐದಡಿ ಮೇಲಿರುತ್ತದೆ, ಕೂತ ಮಗುವಿನದು ಎಲ್ಲಿರುತ್ತದೆ ಹೇಳಿ! ಮಕ್ಕಳನ್ನು ಎತ್ತಿ ಆಚೆ ನಿಲ್ಲಿಸಿದೆ, ಬಾಗಿಲು ತೆಗೆಸಿದೆ, ಫ್ಯಾನ್ ಹಾಕಿಸಿದೆ. ಮೋಡ ಅರ್ಧ ನಿಮಿಷದಲ್ಲಿ ಚೆದುರಿತು. ವಿಡಿಯೊದವನು ಊಟದವರೆಗೂ ನನ್ನ ಜೊತೆ ಮಾತಾಡಲಿಲ್ಲ.